ನಿಂತಿಲ್ಲದ ಚುಕ್ಕಿ

ಮನೆ, ಹಿಂದಿನ ಕೋಣೆ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಶಿಷ್ಟಾಚಾರಕ್ಕೆ ಕೇಳುತ್ತಿಲ್ಲ, ಬಿಡಿಬಿಡಿಯಾಗಿ ಉತ್ತರ ಬರೆ. ಕೈ ನಡುಗುವುದು ಕಡಿಮೆಯಾಯಿತೇ? ಹೊಸ ಮಾತ್ರೆ ಶುರುವಾದ ಮೇಲೆ ಬಾಯಿ ಒಣಗುತ್ತದೆ ಅಂದಿದ್ದೆ, ನೀರಿನ ಲೋಟ ಮಂಚದ ಪಕ್ಕ ಇಟ್ಟುಕೊಳ್ಳಲು ಬಿಡುತ್ತಾರೆಯೇ? ಕಿಟಕಿಯ ಹತ್ತಿರದ ಮಂಚ ಸಿಕ್ಕಿತೋ, ಇಲ್ಲ ಇನ್ನೂ ವಾರ್ಡಿನ ಆ ಸ್ಟೇಷನ್ ಮಾಸ್ತರರ ಪಕ್ಕದಲ್ಲೇ ಇದ್ದೀಯೋ? ಅವರು ನಿದ್ದೆಯಲ್ಲಿ ಗಾಡಿ ಬಿಡುವುದನ್ನು ನಿಲ್ಲಿಸಿದರೇ? ಹೋದ ಸಲ ನಾನು ಬಂದಾಗ ತುಂಬ ಮರ್ಯಾದೆಯಿಂದ, ನಿಮ್ಮ ಗಾಡಿ ತಡ ಇದೆ ಕೂತ್ಕೊಳ್ಳಿ ಅಂದರು. ಕೂತೆ. ಆವತ್ತು ನಿನ್ನನ್ನು ಕರೆತರುವುದು ನಿಜಕ್ಕೂ ತಡವಾಯಿತು, ಹಾಗಾಗಿ ಅವರನ್ನು ದೂರುವಂತಿಲ್ಲ.

ಸ್ವೆಟರಿನ ತೋಳು ಉದ್ದವಾಯಿತು ಅಂತ ನರ್ಸ್ ಫೋನಿನಲ್ಲಿ ಹೇಳಿದರು. ಅಮ್ಮ ಅಳತೆ ಹಿಡಿದದ್ದು ನಿನ್ನ ಹಳೆಯ ಅಂಗಿಯಿಂದ. ಅಂಗಿ ಅಷ್ಟೇ ಇದೆ, ನೀನು ಇಳಿದಿದ್ದೀಯ. ಸದ್ಯಕ್ಕೆ ಮಡಚಿಕೊಂಡು ಹಾಕಿಕೋ. ಬಿಚ್ಚಿ ಮತ್ತೆ ಹೆಣೆಯುತ್ತೇನೆ ಅಂತ ಅವಳು ಹಟ ಹಿಡಿದಿದ್ದಾಳೆ, ನಾನು ಬೇಡ ಅಂದಿದ್ದೇನೆ. ನೀನು ಮತ್ತೆ ಮೈ ತುಂಬಿಕೊಂಡರೆ ಇನ್ನೊಮ್ಮೆ ಬಿಚ್ಚಬೇಕಾಗುತ್ತದೆ.

ಇಲ್ಲಿ ಎಲ್ಲರೂ ಸೌಖ್ಯ. ಅಮ್ಮನ ಎಡಗಣ್ಣಿನ ಪೊರೆ ತೆಗೆಸಿ ಆಯಿತು. ಈಗ ಎಲ್ಲವೂ ಕಾಣಿಸುತ್ತದೆ, ಅದೇ ತೊಂದರೆ: ಗೋಡೆಯ ಬಿರುಕು, ನನ್ನ ಬಿಳಿಕೂದಲು, ನಿನ್ನ ಭಾವನ ಕಾಲರಿನ ಕೊಳೆ. ಇಷ್ಟು ವರ್ಷ ಈ ಮನೇಲೇ ಇದ್ವಾ ನಾವು, ಅಂತ ಕೇಳಿದಳು. ಭಾವ ಎಂದಿನಂತೆ ಬೆಳಗಿನಿಂದ ಸಂಜೆಯವರೆಗೆ ಊರವರ ಹಲ್ಲು ನೋಡಿ ಮನೆಗೆ ಬರುತ್ತಾರೆ. ಬಂದ ಮೇಲೆ ಯಾರ ಬಾಯನ್ನೂ ತೆರೆಸುವ ಆಸೆ ಅವರಿಗಿಲ್ಲ. ನಮ್ಮ ಸಂಸಾರ ಇಷ್ಟು ವರ್ಷ ಚೆನ್ನಾಗಿ ನಡೆದಿರುವುದು ಇದರಿಂದಲೇ ಇರಬೇಕು. ನಾನು ಈ ಕಾಗದವನ್ನು ನಿನ್ನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊಲಿಗೆ ಮೆಷಿನನ್ನು ಇಲ್ಲಿಗೆ ತಂದಿದ್ದೆವು, ನಿನ್ನೆ ಮತ್ತೆ ಹೊರಗೆ ಸಾಗಿಸಿದೆವು. ಮಂಚಕ್ಕೆ ಹೊಸ ಹಾಸಿಗೆ ಬಂದಿದೆ. ಗೋಡೆಯಲ್ಲಿ ಆ ದೊಡ್ಡ ಹಾಳೆಯ ಪಿನ್ನುಗಳ ತೂತು ಹಾಗೇ ಉಳಿದಿದ್ದವು. ಬಣ್ಣ ಹೊಡೆಯುವವನು ಮುಚ್ಚಲು ಬಂದಾಗ ನಾನು ಬೇಡ ಅಂದೆ. ಯಾಕೆ ಬೇಡ ಅಂದೆ ಅಂತ ಆಗ ಗೊತ್ತಿರಲಿಲ್ಲ.

ಈ ಕಾಗದದಲ್ಲಿ ಕೆಲಸದ ಮಾತು ಬರುತ್ತದೆ. ಬರಬಾರದು ಅನ್ನುವ ನಿಯಮ ನಿನಗೂ ಗೊತ್ತು, ನನಗೂ ಗೊತ್ತು. ಎರಡು ವರ್ಷದಿಂದ ನಿನಗೆ ಹವಾಮಾನ, ಬೆಕ್ಕು, ಸ್ವೆಟರು ಇವುಗಳ ಬಗ್ಗೆ ಬರೆದು ಬರೆದು ನನ್ನ ಶೈಲಿಯೇ ಕೆಟ್ಟಿದೆ. ಅಲ್ಲಿಯ ಡಾಕ್ಟರಮ್ಮನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಮತ್ತು ನಿನ್ನ ಕೈಗೆ ಬರುವ ಮುಂಚೆ ಅವರು ಇದನ್ನು ಓದುತ್ತಾರೆ. ಆದ್ದರಿಂದ ಅವರಿಗೂ ಅರ್ಥವಾಗುವಂತೆ ಬರೆಯಬೇಕು. ನಿನಗೆ ಗೊತ್ತಿರುವುದನ್ನೇ ಬಿಡಿಸಿ ಹೇಳುವಾಗ ಕೋಪ ಮಾಡಿಕೊಳ್ಳಬೇಡ. ನಿನಗೆ ಇಂಥ ಕಡೆ ಕೋಪ ಬರುತ್ತಿತ್ತು. ಅದೂ ಬಾರದೆ ಬಹಳ ಕಾಲವಾಯಿತು.

ಹೋದ ತಿಂಗಳ ಭೇಟಿಯಿಂದ ಶುರು ಮಾಡುತ್ತೇನೆ. ನೀನು ಚೆನ್ನಾಗಿ ತಲೆ ಬಾಚಿಕೊಂಡು ಬಂದೆ. ಎದುರಿನ ಕುರ್ಚಿಯಲ್ಲಿ ಕೂತು, ಚಿಕ್ಕವನಿದ್ದಾಗ ಮಗ್ಗಿ ಒಪ್ಪಿಸುತ್ತಿದ್ದ ಹಾಗೆ ಬೆರಳು ಮಡಿಸುತ್ತಾ ಹೇಳಿದೆ: ನಲ್ಲಿ ನೀರಲ್ಲಿ ಯಾರೋ ಮಾತಾಡ್ತಿದ್ದದ್ದು ಸುಳ್ಳು, ಪಕ್ಕದ ಮನೆಯವರು ನಮ್ಮನೆ ಅಳೀತಿದ್ದದ್ದು ಸುಳ್ಳು, ಭಾವ ನನ್ನ ಹಲ್ಲೊಳಗೆ ಏನೋ ಇಟ್ಟದ್ದು ಸುಳ್ಳು, ಆ ಗೆರೇನೂ ಸುಳ್ಳು. ಡಾಕ್ಟರಮ್ಮ ನನ್ನ ಕಡೆ ನೋಡಿ ತಲೆಯಾಡಿಸಿದರು. ನೀನು ಮನೆಗೆ ಬರಬಹುದೇ ಅಂತ ತೀರ್ಮಾನಿಸಲು ನವೆಂಬರಿನಲ್ಲಿ ಮೂವರು ಕೂರುತ್ತಾರೆ, ಅವರ ಮುಂದೆಯೂ ಹೀಗೇ ಹೇಳ್ತೀನಿ ಅಂದೆ. ನಾನು ಸಂತೋಷಪಟ್ಟೆ, ಅದರಲ್ಲಿ ನಾಟಕ ಇರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾಲ್ಕು ಬೆರಳು ಮಡಿಸಿದ ನಿನ್ನ ಕೈ ಕಣ್ಣ ಮುಂದೆ ಬಂತು. ಲೈಬ್ರರಿಗೆ ಪುಸ್ತಕ ಹಿಂದಿರುಗಿಸಿದವನ ಕೈಯ ಹಾಗಿತ್ತು. ಒಂದೂ ಉಳಿಸಿಕೊಂಡಿರಲಿಲ್ಲ.

ಡಾಕ್ಟರಮ್ಮನಿಗಾಗಿ ಈಗ ಸ್ವಲ್ಪ ಪಾಠ. ವಿಶ್ವದ ಮುಂದಿನ ಗತಿಯನ್ನು ಲೆಕ್ಕ ಹಾಕುವ ನಮ್ಮ ಕಸುಬಿನಲ್ಲಿ ಇಡೀ ವಿಶ್ವ ಅಂದರೆ ಹಾಳೆಯ ಮೇಲಿನ ಒಂದು ಚುಕ್ಕಿ. ವಿಶ್ವವನ್ನು ಒಂದು ಕ್ಷೇತ್ರ ತುಂಬಿಕೊಂಡಿದೆ ಅಂತ ಇಟ್ಟುಕೊಳ್ಳುತ್ತೇವೆ. ಕೋಣೆಯೊಳಗಿನ ಉಷ್ಣತೆಯ ಹಾಗೆ ಅದಕ್ಕೆ ಪ್ರಮಾಣ ಮಾತ್ರ ಇದೆ, ದಿಕ್ಕಿಲ್ಲ. ಅದಿಶ ಕ್ಷೇತ್ರ ಅನ್ನುತ್ತೇವೆ. ಅದು ಇಳಿಜಾರಿನ ಮೇಲಿಟ್ಟ ಗುಂಡಿನ ಹಾಗೆ ವರ್ತಿಸುತ್ತದೆ. ಎಷ್ಟು ಜೋರಾಗಿ ಉರುಳುತ್ತಿದೆ, ಎಷ್ಟು ಎತ್ತರದಲ್ಲಿದೆ, ಅಲ್ಲಿ ಇಳಿಜಾರು ಎಷ್ಟು ಕಡಿದು, ಇವಿಷ್ಟು ಗೊತ್ತಾದರೆ ಚುಕ್ಕಿಯನ್ನು ಎಲ್ಲಿಡಬೇಕೆಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳು ಅದನ್ನು ನಡೆಸುತ್ತವೆ, ನಾವು ಅದು ನಡೆದ ದಾರಿಯನ್ನು ಗೆರೆಯಾಗಿ ಎಳೆಯುತ್ತೇವೆ. ಕೆಲವು ಜಾಗಗಳಲ್ಲಿ ನಡೆಸುವುದೇನೂ ಇರುವುದಿಲ್ಲ, ಅವು ಸ್ಥಿರ ಬಿಂದುಗಳು. ಸುತ್ತಲಿನ ಗೆರೆಗಳೆಲ್ಲ ಒಳಗೆ ಬಂದು ಅಲ್ಲೇ ಉಳಿದರೆ ಅದು ವಿಶ್ವದ ಕೊನೆಯ ಮನೆ. ಬಂದವು ಮತ್ತೆ ಇನ್ನೊಂದು ಕಡೆಯಿಂದ ಹೊರಟರೆ ಅದು ಬರೀ ತಂಗುದಾಣ. ಮನೆಯೋ ತಂಗುದಾಣವೋ ಅಂತ ತಿಳಿಯಲು ಒಂದು ಪರೀಕ್ಷೆ ಇದೆ, ಒಂದೊಂದು ದಿಕ್ಕಿಗೂ ಒಂದೊಂದು ಸಂಖ್ಯೆ ಕೊಡುತ್ತದೆ. ಮೈನಸ್ ಬಂದರೆ ಆ ದಿಕ್ಕಿನಲ್ಲಿ ಒಳಗೆ ಎಳೆಯುತ್ತದೆ, ಪ್ಲಸ್ ಬಂದರೆ ಹೊರಗೆ ದೂಡುತ್ತದೆ. ಸೊನ್ನೆ ಬಂದರೆ ಪರೀಕ್ಷೆ ಏನೂ ಹೇಳಲಿಲ್ಲ ಅಂತ ಅರ್ಥ. ನಮ್ಮ ಮಾದರಿಯಲ್ಲಿ, ಇಳಿಜಾರು ಹೆಚ್ಚುಕಡಿಮೆ ಬಯಲಾಗುವ ಆ ದೂರದ ತುದಿಯ ಬಿಂದುವಿಗೆ ಎರಡು ಮೈನಸ್, ಒಂದು ಸೊನ್ನೆ. ಏನೂ ಹೇಳಲಿಲ್ಲ ಅನ್ನುವುದನ್ನು ನಾವು ಏನೂ ಇಲ್ಲ ಅಂತ ಓದಿಕೊಂಡೆವು. ಕಂಪ್ಯೂಟರಿನ ಪ್ರೋಗ್ರಾಮೂ ಹೌದು ಅಂತು. ಎಲ್ಲಿಂದ ಬಿಟ್ಟರೂ ಚುಕ್ಕಿ ಬಂದು ಅಲ್ಲಿ ಕೂರುತ್ತಿತ್ತು, ಕೆಳಗೆ "ಸೇರಿತು" ಅಂತ ಅಚ್ಚಾಗುತ್ತಿತ್ತು. ವಿಶ್ವ ಕೊನೆಗೆ ಅಲ್ಲಿ ನೆಲೆಸುತ್ತದೆ, ಹಿಗ್ಗುತ್ತಾ ತೆಳುವಾಗುತ್ತಾ ಎಂದೆಂದಿಗೂ ಹಾಗೇ ಇರುತ್ತದೆ. ನಮ್ಮಿಬ್ಬರಿಗೂ ಗುರುಗಳಾದ ದೊಡ್ಡವರು ಹಾಗೆ ಬರೆದರು, ನಾನು ಬರೆದೆ, ನೀನೂ ಬರೆದೆ.

ಆಮೇಲೆ ನೀನು ಗೋಡೆಯ ಮುಂದೆ ನಿಲ್ಲಲು ಶುರು ಮಾಡಿದೆ. ಆ ದೊಡ್ಡ ಹಾಳೆಯ ಮೇಲೆ ಎಲ್ಲ ಗೆರೆಗಳನ್ನೂ ಪೆನ್ಸಿಲಿನಲ್ಲಿ ಕೈಯಿಂದಲೇ ಎಳೆದಿದ್ದೆ. ಮೆಷಿನ್ನು ಎಳೆದ ಗೆರೆಯಲ್ಲಿ ನನಗೆ ಏನೂ ಕಾಣಲ್ಲ ಅನ್ನುತ್ತಿದ್ದೆ. ಒಂದು ಸಂಜೆ ನಾನು ಕೋಣೆಗೆ ಬಂದಾಗ ತಿರುಗಿ ನೋಡದೆ ಹೇಳಿದೆ: "ಇದು ನಿಂತಿಲ್ಲ ಅಕ್ಕ. ಹೊರಟಿದೆ." ಮೊದಲ ವಾರ ನಾನು ಗಣಿತದಲ್ಲಿ ಉತ್ತರ ಕೊಟ್ಟೆ. ಎರಡನೆಯ ವಾರ ಅಕ್ಕನಾಗಿ ಉತ್ತರ ಕೊಟ್ಟೆ, ಮಲಗು ಅಂದೆ. ಅಷ್ಟರಲ್ಲಿ ನಲ್ಲಿಯ ಮಾತು ಬಂದಿತ್ತು, ಪಕ್ಕದ ಮನೆಯವರು ಬಂದಿದ್ದರು, ಹಲ್ಲು ಬಂದಿತ್ತು. ಊಟಕ್ಕೆ ಕೂತಾಗ ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ ಹೇಳುತ್ತಿದ್ದೆ. ಅಮ್ಮ ನಿನ್ನ ಕೋಣೆಗೆ ಬಂದು, ಹಾಳೆಯ ಮೇಲಿನ ಆ ಚುಕ್ಕಿಯ ಮೇಲೆ ತೋರುಬೆರಳಿಟ್ಟು, ಎಲ್ಲಿ ಹೋಗ್ತಿದೆಯೋ, ಇಲ್ಲೇ ಇದೆಯಲ್ಲ, ಅಂದಳು. ಬೆರಳಿಗೆ ಪೆನ್ಸಿಲಿನ ಕಪ್ಪು ಹತ್ತಿತು. ನೀನು ಹಾಳೆಯನ್ನು ಬಿಟ್ಟು ಅವಳ ಬೆರಳನ್ನೇ ನೋಡುತ್ತಾ ನಿಂತೆ. ಮುಂದಿನ ವಾರ ನಿನ್ನನ್ನು ಆ ಆಸ್ಪತ್ರೆಗೆ ಸೇರಿಸಿದೆವು. ಕಾಗದದ ಮೇಲಿನ ಚುಕ್ಕಿ ಹೊರಟಿದೆ ಅಂತಾನೆ, ಎಂದು ಭಾವ ಅಲ್ಲಿಯ ಫಾರಂ ತುಂಬುವವರಿಗೆ ಹೇಳಿದಾಗ ಅವರು ಅದನ್ನೇ ಮೊದಲ ಸಾಲಿನಲ್ಲಿ ಬರೆದುಕೊಂಡರು.

ಈಗ ಈ ತಿಂಗಳಿಗೆ ಬರುತ್ತೇನೆ. ಕಡೆಯ ವರ್ಷದ ವಿದ್ಯಾರ್ಥಿಗಳಿಗೆ ಸೊನ್ನೆ ಬಂದರೆ ಏನು ಮಾಡಬೇಕೆಂದು ಕಲಿಸಬೇಕಿತ್ತು. ಪರೀಕ್ಷೆ ಮೌನವಾದಾಗ ಮುಂದಿನ ಘಾತದ ಪದಗಳನ್ನು, ಅಂದರೆ ವರ್ಗ, ಘನ ಇರುವವನ್ನು, ನೋಡಬೇಕು. ಆ ನಿಧಾನದ ದಿಕ್ಕಿನಲ್ಲಿ ದಾರಿ ಹೇಗೆ ಬಾಗುತ್ತದೆ ಅಂತ ಕೈಯಿಂದ ಬಿಡಿಸಬೇಕು. ನಮ್ಮ ಮಾದರಿಯನ್ನೇ ಸರಳ ಮಾಡಿ ಬೋರ್ಡಿನ ಮೇಲೆ ಹಾಕಿದೆ, ಉತ್ತರ ಗೊತ್ತಿರುವ ಲೆಕ್ಕ ಸುರಕ್ಷಿತ ಅಂತ. ಎರಡನೆಯ ಘಾತದ ಪದಗಳು ಒಂದಕ್ಕೊಂದು ಕಳೆದು ಹೋದವು. ಮೂರನೆಯದರ ಮುಂದೆ ಮೈನಸ್ ಬರಬೇಕಿತ್ತು, ಪ್ಲಸ್ ಬಂತು. ಎಲ್ಲೋ ಚಿಹ್ನೆ ತಪ್ಪಿದೆ, ಮನೆಯಲ್ಲಿ ಹುಡುಕಿಕೊಂಡು ಬನ್ನಿ ಅಂತ ಹೇಳಿ ಬೋರ್ಡು ಒರೆಸಿದೆ. ಹೀಗೆ ಪಾರಾಗುವುದನ್ನು ನಮಗೆ ಕಲಿಸಿದ್ದೂ ದೊಡ್ಡವರೇ. ಬಸ್ಸಿನಲ್ಲಿ ಮನಸ್ಸಿನಲ್ಲೇ ಮಾಡಿದೆ, ಪ್ಲಸ್. ಅಡುಗೆಮನೆಯ ಮೇಜಿನ ಮೇಲೆ ಅಮ್ಮನ ಬಟಾಣಿ ಸಿಪ್ಪೆ ಪಕ್ಕಕ್ಕೆ ತಳ್ಳಿ ಮಾಡಿದೆ, ಪ್ಲಸ್. ಮುಖ ಯಾಕೆ ಹಾಗಿದೆ ಅಂದಳು ಅಮ್ಮ. ಒಂದು ಪ್ಲಸ್ ಬಂದಿದೆ ಅಂದೆ. ಬಂದ್ರೆ ಒಳ್ಳೇದೇ ಅಲ್ವಾ, ಅಂದಳು. ಸರಳ ಮಾಡಿದ್ದರಿಂದ ಹೀಗಾಗಿರಬಹುದು ಅಂದುಕೊಂಡು ಪೂರ್ತಿ ಮಾದರಿಯನ್ನೇ ತೆಗೆದುಕೊಂಡೆ, ಕ್ಷೇತ್ರವೂ ದ್ರವ್ಯವೂ ಒಂದಕ್ಕೊಂದು ಶಕ್ತಿ ಕೊಟ್ಟು ತೆಗೆದುಕೊಳ್ಳುವ ನಮ್ಮ ಮಾದರಿ. ಪುಟಗಟ್ಟಲೆ ಆಯಿತು. ಪದಗಳು ಹೆಚ್ಚಾದವು, ಚಿಹ್ನೆ ಬದಲಾಗಲಿಲ್ಲ.

ಹಾಗಾದರೆ ಪ್ರೋಗ್ರಾಮು ಯಾಕೆ ನಮಗೆ ಯಾವತ್ತೂ ತೋರಿಸಲಿಲ್ಲ? ಇದನ್ನು ಓದುವಾಗ ನೀನು ನಗಬಹುದು, ನಗಲಿ ಅಂತಲೇ ಬರೆಯುತ್ತಿದ್ದೇನೆ. ಅದರೊಳಗೆ ಒಂದು ಸಾಲಿದೆ: ಚುಕ್ಕಿಯ ವೇಗ ಇಷ್ಟಕ್ಕಿಂತ ಕಡಿಮೆಯಾದರೆ ಸೇರಿತು ಅಂತ ಬರೆದು ಓಟ ನಿಲ್ಲಿಸು. ಆ ಸಾಲು ನಿನ್ನದು, ತಮ್ಮಯ್ಯ. ಆಗ ಇಡೀ ಕಟ್ಟಡಕ್ಕೆ ಒಂದೇ ಮೆಷಿನ್ನು, ಅದನ್ನು ಭೂಗರ್ಭಶಾಸ್ತ್ರದವರ ಜೊತೆ ಹಂಚಿಕೊಳ್ಳಬೇಕಿತ್ತು. ಅವರು ಬಾಗಿಲಲ್ಲಿ ನಿಂತು, ಬ್ರಹ್ಮಾಂಡ ಮುಗಿದಿದ್ರೆ ನಮಗೆ ಸ್ವಲ್ಪ ಕಲ್ಲು ಕೊರೆಯೋಕೆ ಬಿಡಿ, ಅನ್ನುತ್ತಿದ್ದರು. ನಮ್ಮ ಸರದಿ ಉಳಿಸಲು ನೀನು ಆ ಸಾಲು ಸೇರಿಸಿದೆ. ಎಲ್ಲರೂ ನಿನ್ನ ಜಾಣತನ ಮೆಚ್ಚಿದೆವು. ಮೆಷಿನ್ನುಗಳು ಬದಲಾದವು, ಸಾಲು ಒಂದರಿಂದ ಇನ್ನೊಂದಕ್ಕೆ ಸಾಗುತ್ತಾ ಬಂತು. ಅದು ಅಲ್ಲಿದೆ ಅನ್ನುವುದೇ ಮರೆತುಹೋಯಿತು. ಆ ನಿಧಾನದ ದಾರಿಯಲ್ಲಿ ಚುಕ್ಕಿಯ ವೇಗ ಯಾವಾಗಲೂ ನಿನ್ನ ಮಿತಿಗಿಂತ ಕಡಿಮೆ. ಅದು ಹೊರಡುವುದಕ್ಕೂ ಮುಂಚೆ ನಾವು ದೀಪ ಆರಿಸಿ ಮನೆಗೆ ಹೋಗುತ್ತಿದ್ದೆವು.

ಸಾಲು ತೆಗೆದೆ. ಬೆಳಿಗ್ಗೆ ಓಟ ಬಿಟ್ಟು ಪಾಠಕ್ಕೆ ಹೋದೆ, ಬಂದು ನೋಡಿದರೆ ಚುಕ್ಕಿ ಅಲ್ಲೇ. ಮರುದಿನವೂ ಅಲ್ಲೇ. ನಾನು ಪರದೆಯನ್ನು ನೋಡುವುದು ಬಿಟ್ಟು ಉತ್ತರಪತ್ರಿಕೆ ತಿದ್ದುತ್ತಾ ಕೂತೆ. ವಾರದ ಕೊನೆಗೆ ತಲೆಯೆತ್ತಿದಾಗ ಅದು ಇದ್ದ ಜಾಗದಲ್ಲಿ ಇರಲಿಲ್ಲ. ಹೊರಗೆ, ನೀನು ಬೆರಳು ತೋರಿಸುತ್ತಿದ್ದ ಬದಿಗೆ, ಒಂದು ಗೆರೆ ಎಳೆದುಕೊಂಡಿತ್ತು. ಒಂದೇ ಗೆರೆ. ಬೇರೆ ಬೇರೆ ಕಡೆಯಿಂದ ಬಿಟ್ಟು ನೋಡಿದೆ, ಎಲ್ಲವೂ ಬಂದು, ಅಷ್ಟು ಹೊತ್ತು ತಂಗಿ, ಅದೇ ಗೆರೆಯನ್ನು ಹಿಡಿದು ಹೊರಟವು. ಸಂತೋಷವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡು ನಾವು ಯಾರ ಪಕ್ಕದಲ್ಲಿ ಪಿಸುಮಾತಾಡಿದೆವೋ ಅವರೇ, ಎಲ್ಲ ಕೇಳಿಸ್ತು ಅಂತ ಕಣ್ಣು ತೆರೆದ ಹಾಗಿತ್ತು. ಕಾರಿಡಾರಿನಲ್ಲಿ ಯಾರೋ ಕುರ್ಚಿಗಳನ್ನು ಎಳೆಯುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಕೂತಿದ್ದು ಎದ್ದೆ.

ದೊಡ್ಡವರಿಗೆ ತೋರಿಸಿದೆ. ಅವರೀಗ ಕೋಲು ಹಿಡಿದು ನಡೆಯುತ್ತಾರೆ, ಆದರೆ ಸಮೀಕರಣದ ಮುಂದೆ ಕೂತರೆ ಹಳೆಯ ಮನುಷ್ಯರೇ. ತುಂಬ ಹೊತ್ತು ನೋಡಿದರು. ಇಷ್ಟು ನಿಧಾನಕ್ಕೆ ಹೋಗೋದನ್ನ ಹೋಗೋದು ಅಂತಾರೇನಮ್ಮ, ಅಂದರು. ಅವರು ಪ್ಲಸ್ ಚಿಹ್ನೆಯ ಸುತ್ತ ಉಗುರಿನಿಂದ ಒಂದು ಸೊನ್ನೆ ಎಳೆದು, ಅಂತಾರೆ ಅಂತ ತಾವೇ ಉತ್ತರ ಕೊಟ್ಟುಕೊಂಡರು. ನಾವು ಕೊನೆಯ ಮನೆ ಅಂದದ್ದು ತಂಗುದಾಣ, ಅಷ್ಟೇ. ಆಮೇಲೆ ಟೀ ಬಂತು. ಅದನ್ನು ಆರಲು ಬಿಟ್ಟು, ಅವನಿಗೆ ಗೊತ್ತಾ ಅಂತ ಕೇಳಿದರು.

ಇದೇ ಪ್ರಶ್ನೆ ಮನೆಯಲ್ಲಿ ಹತ್ತು ದಿನ ಕೂತಿತ್ತು. ಅಮ್ಮನ ಮಾತು ಸ್ಪಷ್ಟ: ಮೊದಲು ಮನೆಗೆ ಬರಲಿ, ಆಮೇಲೆ ಹೇಳು, ಈಗ ಹೇಳಿ ಕೆಡಿಸಬೇಡ. ಭಾವ ತಟ್ಟೆಯ ಮೇಲೆ ತಲೆ ಬಗ್ಗಿಸಿಕೊಂಡೇ, ಗೆರೆ ನಿಜವಾದ್ರೆ ನನ್ನ ಹಲ್ಲಿನ ಕೇಸೂ ಮತ್ತೆ ತೆಗೀತಾನೆ, ಅಂದರು. ತಮಾಷೆಗೆ ಅಂದದ್ದು, ಆದರೆ ನನ್ನ ಭಯವೂ ಅದೇ ಆಗಿತ್ತು. ನೀನು ಆಗ ಎಲ್ಲವನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದೆ. ಒಂದನ್ನು ಎಳೆದರೆ ಉಳಿದವೂ ಬರಬಹುದು. ಹಾಗಂತ ನೀನು ಹೊರಗೆ ಬಂದ ಮೇಲೆ ಎಲ್ಲೋ ಓದಿ, ಅಕ್ಕನಿಗೆ ಮೊದಲೇ ಗೊತ್ತಿತ್ತು ಅಂತ ತಿಳಿದರೆ? ಕೊನೆಗೆ ಡಾಕ್ಟರಮ್ಮನ ಕೋಣೆಗೆ ಹೋದೆ. ಅವರು ಗಿಡಕ್ಕೆ ನೀರು ಹಾಕುತ್ತಾ ಕೇಳಿಸಿಕೊಂಡು, ಅದು ನಿಜವೇ ಅಂತ ಕೇಳಿದರು. ನಿಜ ಅಂದೆ. "ನಿಮಗೆ ಇಷ್ಟ ಅಂತ ನಿಜವಾ, ನಿಮಗೆ ಇಷ್ಟ ಇಲ್ದಿದ್ರೂ ನಿಜವಾ?" ಅಂದರು. ನಾನು ಯೋಚಿಸಿ, ನನಗೆ ಇಷ್ಟ ಇಲ್ಲದಿದ್ದರೂ ನಿಜ ಅಂದೆ. ಹಾಗಿದ್ರೆ ಬರೀರಿ, ನಿಜ ಆಗಿರೋದಕ್ಕೆ ನನ್ನ ಹತ್ರ ಔಷಧಿ ಇಲ್ಲ, ಅಂದರು. ಆದರೆ ಬಾಗಿಲು ಒಂದಕ್ಕೇ ತೆಗೆಯಬೇಕು, ಉಳಿದವು ಹಿಂದೆಯೇ ನುಗ್ಗಬಾರದು, ಅದು ನಿಮ್ಮ ಜವಾಬ್ದಾರಿ ಅಂದರು.

ಆದ್ದರಿಂದ ಉಳಿದವನ್ನೂ ನೋಡಿದ್ದೇನೆ, ಗೆರೆಗೆ ಹಿಡಿದ ಅಳತೆಗೋಲನ್ನೇ ಹಿಡಿದು. ನೀನು ಹೇಳಿದೆ ಅಂತ ತಳ್ಳಿಹಾಕಲಿಲ್ಲ, ನೀನು ಹೇಳಿದೆ ಅಂತ ಒಪ್ಪಲೂ ಇಲ್ಲ. ನಲ್ಲಿಯ ಪೈಪನ್ನು ಕೆಲಸದವನಿಂದ ಬಿಚ್ಚಿಸಿ, ಟಾರ್ಚ್ ಹಿಡಿದು ನಾನೇ ನೋಡಿದೆ. ತುಕ್ಕು ಮತ್ತು ನೀರು. ಕಿವಿಯಿಟ್ಟೂ ಕೇಳಿದೆ, ಕೆಲಸದವನು ನನ್ನ ಮುಖವನ್ನು ಅನುಮಾನದಿಂದ ನೋಡಿದ. ಪಕ್ಕದ ಮನೆಯವರನ್ನು ನೇರವಾಗಿ ಕೇಳಿದೆ. ಅವರು ಕೆಂಪಾಗಿ, ಅಳತೆ ಟೇಪು ಹಿಡಿದದ್ದು ಹೌದು ಅಂದರು. ಯಾಕೆ ಅಂತ ಕೇಳಿದೆ. ತಮ್ಮ ಕಿಟಕಿಗೆ ಬಿಸಿಲಿನ ಮರೆ ಕಟ್ಟಿಸಲು, ಅದು ನಮ್ಮ ಕಡೆ ಚಾಚುತ್ತದೋ ಅಂತ ನೋಡಲು ಹಿಡಿದದ್ದಂತೆ. ಆಮೇಲೆ ನಿನ್ನ ಗಲಾಟೆಗೆ ಹೆದರಿ ಕಟ್ಟಿಸಲೇ ಇಲ್ಲವಂತೆ, ಮಧ್ಯಾಹ್ನ ಎಲ್ಲ ಬಿಸಿಲು ಕಾಯುತ್ತಾ ಕೂರುತ್ತಾರೆ. ಕಟ್ಟಿಸಿಕೊಳ್ಳಿ ಅಂದೆ. ಇನ್ನು ಹಲ್ಲು. ಭಾವ ನಿನ್ನ ಹಳೆಯ ಎಕ್ಸ್‌ರೇ ಹುಡುಕಿ ತೆಗೆದು, ಅವನು ಪುರಾವೆ ಕೇಳೋ ಜಾತಿ, ಇದನ್ನೂ ಕಳಿಸು ಅಂದರು. ಜೊತೆಗಿಟ್ಟಿದ್ದೇನೆ, ಬೆಳಕಿಗೆ ಹಿಡಿದು ನೋಡು. ಹುಳುಕು ತುಂಬಿದ ಜಾಗ ಬಿಳಿಯಾಗಿ ಕಾಣುತ್ತದೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಹಾಗಾಗಿ ನಿನ್ನ ಕಾಯಿಲೆಯೂ ನಿಜ, ಗೆರೆಯೂ ನಿಜ. ಎರಡೂ ಒಬ್ಬನಲ್ಲೇ, ಒಂದೇ ತಿಂಗಳಿನಲ್ಲಿ ಇದ್ದವು. ನಮಗೆ ಬೇರೆ ಮಾಡಲು ಬರಲಿಲ್ಲ, ನಿನಗೂ ಬರಲಿಲ್ಲ.

ಒಂದು ಮಾತ್ರ ನನ್ನನ್ನು ಕೊರೆಯುತ್ತಿತ್ತು. ನೀನು ಅದನ್ನು ಕಂಡದ್ದು ಹ್ಯಾಗೆ? ಪ್ರೋಗ್ರಾಮು ತೋರಿಸಿರಲಿಲ್ಲ. ನಲ್ಲಿಯಲ್ಲಿ ಕೇಳಿಸಿಕೊಂಡೆಯಾ? ಹಾಗಾದರೆ ಅದು ಆಕಸ್ಮಿಕ, ಕತ್ತಲಲ್ಲಿ ಎಸೆದ ಕಲ್ಲು ಗಂಟೆಗೆ ಬಿದ್ದ ಹಾಗೆ. ನಿನ್ನನ್ನು ಕೇಳಬಾರದು ಅಂತ ಡಾಕ್ಟರಮ್ಮ ಹೇಳಿದ್ದರಿಂದ ಕೇಳಲಿಲ್ಲ. ನಿನ್ನೆ ಹೊಲಿಗೆ ಮೆಷಿನ್ನು ಸಾಗಿಸುವಾಗ ಅಲಮಾರಿಯ ಮೇಲಿಂದ ಆ ಹಾಳೆಯ ಸುರುಳಿ ಕೆಳಗಿಳಿಸಿ, ಹಳೆಯ ತೂತುಗಳಿಗೇ ಪಿನ್ನು ಹಾಕಿ ತೂಗುಹಾಕಿದೆ. ಅಮ್ಮ ಹಾಸಿಗೆಯ ಹೊದಿಕೆ ಸರಿಮಾಡಿ ಹೊರಟವಳು ಗೋಡೆಯ ಹತ್ತಿರ ನಿಂತಳು. ಹೊಸ ಕಣ್ಣು ಅಲ್ಲವೇ, ಈಗ ಯಾವುದನ್ನೂ ಬಿಡುವುದಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ, ಇಲ್ಲೇನೋ ಸಣ್ಣ ಸಣ್ಣ ಬಾಣ ಇದೆಯಲ್ಲೇ, ಅಂದಳು. ಚುಕ್ಕಿಯ ಒಂದು ಬದಿಯಲ್ಲಿ, ಅವಳ ಬೆರಳು ಒರೆಸಿದ ಮಬ್ಬಿನ ಅಂಚಿನಲ್ಲಿ, ಕೂದಲಿನಷ್ಟು ತೆಳುವಾದ ಬಾಣಗಳು. ಪಕ್ಕದಲ್ಲಿ ಮೂರನೆಯ ಘಾತದ ಪದ, ನಿನ್ನ ಅಕ್ಷರದಲ್ಲಿ, ಮುಂದೆ ಪ್ಲಸ್. ಬಾಣಗಳೆಲ್ಲ ಹೊರಮುಖ. ಅಮ್ಮ ಬೆರಳು ಮುಂದೆ ತಂದಳು, ಮುಟ್ಟಲಿಲ್ಲ, ಸೆರಗಿನೊಳಗೆ ಇಟ್ಟುಕೊಂಡಳು. ಇವೆಲ್ಲ ಆ ಕಡೆಗೇ ಹೋಗ್ತಿವೆ ಅಂದಳು. ಹೌದು ಅಂದೆ. ಆವತ್ತೂ ಹೋಗ್ತಿದ್ವಾ, ಅಂದಳು. ನಾನು ಹೊದಿಕೆಯನ್ನು ಮತ್ತೆ ಸರಿಮಾಡಿದೆ.

ಅಂದರೆ ನೀನು ಲೆಕ್ಕ ಮಾಡಿಯೇ ಕಂಡಿದ್ದೆ. ಕಾಯಿಲೆ ಮಾಡಿದ ಲೆಕ್ಕವಲ್ಲ ಅದು, ಕಾಯಿಲೆ ಬರುತ್ತಿದ್ದಾಗಲೂ ನೀನು ಮಾಡಿದ ಲೆಕ್ಕ. ಇದರ ಮೇಲೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ನಿನಗೆ ಗೊತ್ತು, ನನಗೆ ಇಂಥ ಕಡೆ ವಾಕ್ಯಗಳು ಮುಗಿಯುವುದಿಲ್ಲ.

ಅಮ್ಮ ಅಡುಗೆಮನೆಯಿಂದಲೇ ಹೇಳಿ ಬರೆಸುತ್ತಿದ್ದಾಳೆ: ನೂರು ವರ್ಷ ನೆಟ್ಟಗೆ ಬಾಳು, ಹೊತ್ತಿಗೆ ಸರಿಯಾಗಿ ಉಣ್ಣು, ಕಿವಿಗೆ ಗಾಳಿ ಹೊಡೆಸಿಕೊಳ್ಳಬೇಡ. ಭಾವ ಹಲ್ಲುಜ್ಜುವ ಬ್ರಷ್ ಬದಲಾಯಿಸಲು ಹೇಳಿದ್ದಾರೆ, ಅವರ ಪ್ರೀತಿ ಆ ರೂಪದಲ್ಲೇ ಬರುವುದು. ದೊಡ್ಡವರು ನಿನ್ನನ್ನು ಕೇಳಿದೆ ಅಂತ ತಿಳಿಸಲು ಹೇಳಿದರು. ಸ್ಟೇಷನ್ ಮಾಸ್ತರರಿಗೆ ನನ್ನ ನಮಸ್ಕಾರ. ನಿನ್ನ ತಲೆಯ ಮೇಲೆ ಕೈಯಿಟ್ಟು,

ನಿನ್ನ
ಅಕ್ಕ

ಮರೆತ ಮಾತು: ಭಾವ ಕಾರಿನ ಹಾರ್ನ್ ಬಾರಿಸುತ್ತಿದ್ದಾರೆ. ನಿಮ್ಮ ಕಡೆಯ ಕ್ಲಿನಿಕ್ಕಿಗೆ ಹೊರಟಿದ್ದಾರೆ, ಇದು ಅವರ ಕೈಯಲ್ಲೇ ಬರುತ್ತದೆ, ಆದ್ದರಿಂದ ಬೇಗ ಬರೆಯುತ್ತೇನೆ. ಗುರುವಾರ ಆ ಮೂವರು ನೀನು ಹೇಳಿದ್ದೆಲ್ಲ ಸುಳ್ಳೇ ಅಂತ ಕೇಳುತ್ತಾರೆ. ಎಲ್ಲಾ ಸುಳ್ಳು ಅನ್ನಬೇಡ. ನಲ್ಲಿ ಸುಳ್ಳು ಅನ್ನು, ಅಳತೆ ಸುಳ್ಳು ಅನ್ನು, ಹಲ್ಲು ಸುಳ್ಳು ಅನ್ನು. ನಾಲ್ಕನೆಯ ಬೆರಳು ಮಡಿಸಬೇಡ. ಅವರು ನಂಬದಿದ್ದರೆ ಡಾಕ್ಟರಮ್ಮನ ಹತ್ತಿರ ಹೇಳಿಸು, ಅವರಿಗೂ ನಂಬಿಕೆ ಬಾರದಿದ್ದರೆ ನಾನೂ ದೊಡ್ಡವರೂ ಬೋರ್ಡು ಹೊತ್ತುಕೊಂಡು ಬರುತ್ತೇವೆ. ಇದರಿಂದ ನೀನು ಬರುವುದು ತಡವಾದರೆ ಆಗಲಿ, ಅಮ್ಮನಿಗೂ ಹೇಳಿದ್ದೇನೆ. ಅವಳು ಹೆಣಿಗೆಯ ಕಡ್ಡಿ ಎತ್ತಿಟ್ಟು, ಸ್ವೆಟರಿನ ತೋಳು ಹಾಗೇ ಇರಲಿ ಅಂದಳು.